ಲೈನ್ ಮನೆಯ ವರಕಾಪಿ

ಕರ್ನಾಟಕದ ಕಾಫಿ ಚರಿತ್ರೆ ಎಂದ ಕೂಡಲೇ ಎರಡು ಚಿತ್ರಗಳು ಕಣ್ಣಮುಂದೆ ಬರುತ್ತವೆ. ಒಂದು ಬಾಬಾಬುಡನ್‌ಗಿರಿಯ ಸೂಫಿ ಸಂತ ಮತ್ತು ಅವರು ಯೆಮನ್‌ನಿಂದ ತಂದರೆನ್ನಲಾದ ಏಳು ಬೀಜಗಳ ಕತೆ. ಇನ್ನೊಂದು ಬೆಂಗಳೂರು, ಮೈಸೂರಿನ ಹಳೆಯ ಹೋಟೆಲುಗಳಲ್ಲಿ ನೊರೆಯೆದ್ದು ಬರುವ ಫಿಲ್ಟರ್ ಕಾಫಿ. ಒಂದು ಬೆಳೆಯುವವರ ಚರಿತ್ರೆ, ಇನ್ನೊಂದು ಕೂತು ಕುಡಿಯುವವರ ಚರಿತ್ರೆ. ಕಾಫಿಯನ್ನು ಬೆಳೆಯದ, ಹೋಟೆಲಿನ ಒಳಗೆ ಕೂತು ಕುಡಿಯಲೂ ಬಹುಕಾಲ ಅವಕಾಶ ಸಿಗದ ಜನರೂ ಕಾಫಿ ಕುಡಿದಿದ್ದಾರೆ. ಅವರ ಕಾಫಿ ಹೇಗಿತ್ತು? ಕೋಲಾರ ಚಿನ್ನದ ಗಣಿ ಕಾರ್ಮಿಕರ ದಿನನಿತ್ಯದ ಬದುಕಿನ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಮೊದಮೊದಲು ಮಾತಿಗೆ ಪೀಠಿಕೆ ಮಾತ್ರ ಆಗಿತ್ತು. ಹಿರಿಯರ ಎದುರು ಕೂತು ಕೂಲಿ, ಜಾತಿ, ಮುಷ್ಕರ ಎಂದು ಶುರುಮಾಡಿದರೆ ಮಾತು ಬಿಗಿಯಾಗುತ್ತಿತ್ತು. ಕಾಫಿಯಿಂದ ಶುರುಮಾಡಿದರೆ ಅವೆಲ್ಲವೂ ತಾವಾಗಿಯೇ ಬರುತ್ತಿದ್ದವು.

ಗಣಿಯ ದಾಖಲೆಗಳಲ್ಲಿ ಕಾಫಿ ಹುಡುಕಿದರೆ ಸಿಗುವುದು ಕಷ್ಟ. ಮೈಕೆಲ್ ಲವೆಲ್ ಎಂಬ ಐರಿಷ್ ಮೂಲದ ಮಾಜಿ ಸೈನಿಕ 1870ರ ದಶಕದಲ್ಲಿ ಇಲ್ಲಿ ಚಿನ್ನ ಹುಡುಕಲು ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತ ಶುರುವಾಯಿತು. ಅಂದಿನಿಂದ ಎಷ್ಟು ಔನ್ಸ್ ಚಿನ್ನ ಬಂತು, ಎಷ್ಟು ಅಡಿ ಆಳಕ್ಕೆ ಇಳಿದರು, ಎಷ್ಟು ಜನ ಸತ್ತರು ಎಂಬುದಕ್ಕೆಲ್ಲ ಲೆಕ್ಕವಿದೆ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ತೆಗೆದದ್ದಕ್ಕೂ ಲೆಕ್ಕವಿದೆ. ಪಾಳಿಗೆ ಹೋಗುವ ಮುಂಚೆ ಕಾರ್ಮಿಕ ಏನು ಕುಡಿದು ಹೋದ ಎಂಬುದು ಕಂಪನಿಗೆ ಬೇಕಾಗಿರಲಿಲ್ಲ. ಆದ್ದರಿಂದ ಈ ಚರಿತ್ರೆಗೆ ಅಡುಗೆಮನೆಯ ನೆನಪೇ ಮುಖ್ಯ ಆಕರ.

ಆ ಅಡುಗೆಮನೆಯಾದರೂ ಎಂಥದು? ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಲ್ಲಿ ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಿನ ದಲಿತರು. ಊರಿನ ಜಮೀನ್ದಾರನ ಹೊಲದಿಂದ ತಪ್ಪಿಸಿಕೊಂಡು ನೆಲದಡಿಗೆ ಇಳಿದವರು ಎಂದರೂ ತಪ್ಪಿಲ್ಲ. ಅವರಿಗೆ ಕಂಪನಿ ಕೊಟ್ಟದ್ದು ಬಿದಿರು ತಟ್ಟಿಯ ಸಾಲುಮನೆ. ಅದನ್ನೇ ಇಲ್ಲಿ ‘ಲೈನ್ ಮನೆ’ ಎನ್ನುತ್ತಾರೆ. ಒಂದೇ ಕೋಣೆ, ಒಂದೇ ಒಲೆ. ನೀರು ಬೀದಿಯ ನಲ್ಲಿಯದು. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ ಗಣಿಗೂ ಮನೆಗೂ ನೀರು ಬರುತ್ತಿತ್ತು.

ಇಂಥ ಮನೆಯಲ್ಲಿ ಫಿಲ್ಟರ್ ಕಾಫಿಗೆ ಜಾಗವಿರಲಿಲ್ಲ. ಫಿಲ್ಟರ್ ಎಂದರೆ ಬರೀ ಪಾತ್ರೆಯಲ್ಲ, ಅದೊಂದು ಬಗೆಯ ಬಿಡುವು. ಪುಡಿ ಒತ್ತಿ, ಕುದಿಯುವ ನೀರು ಸುರಿದು, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಆಮೇಲೆ ಕಾಸಿದ ಹಾಲು, ಸಕ್ಕರೆ ಬೇಕು. ಹೊಸದಾಗಿ ಹುರಿದು ಪುಡಿಮಾಡಿಸಿದ ಬೀಜವಿದ್ದರೆ ಮಾತ್ರ ಈ ಕಾಯುವಿಕೆಗೆ ಅರ್ಥ. ಲೈನ್ ಮನೆಯಲ್ಲಿ ಇದ್ದದ್ದು ಸೈರನ್ನಿನ ಸಮಯ. ದಿನಕ್ಕೆ ಮೂರು ಪಾಳಿ. ‘ಸಂಗು’ ಊದಿತು ಎಂದರೆ ಹೊರಟಿರಬೇಕು. ಹಾಗಾಗಿ ಅಲ್ಲಿನ ಕಾಫಿ ‘ವರಕಾಪಿ’ ಆಯಿತು. ತಮಿಳಿನಲ್ಲಿ ‘ವರ’ ಎಂದರೆ ಒಣ, ಬರಿದು. ನೀರಿಗೆ ಬೆಲ್ಲ ಹಾಕಿ ಕುದಿಸಿ, ಅದಕ್ಕೇ ಪುಡಿ ಹಾಕಿ, ಒಂದು ಕುದಿ ಬಂದ ಮೇಲೆ ಇಳಿಸಿ, ಚರಟ ತಳಕ್ಕೆ ಕೂತ ನಂತರ ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು. ಎರಡನೆಯ ಸಲಕ್ಕೆ ಅದೇ ಚರಟವನ್ನು ಮತ್ತೆ ಕುದಿಸುತ್ತಿದ್ದರಂತೆ. ನೆಗಡಿ, ಕೆಮ್ಮು ಇದ್ದರೆ ಪುಡಿಯ ಬದಲು ಒಣಶುಂಠಿ, ಕೊತ್ತಂಬರಿ ಬೀಜ. ಅದು ‘ಸುಕ್ಕು ಕಾಪಿ’. ಅದರಲ್ಲಿ ಕಾಫಿಯೇ ಇಲ್ಲದಿದ್ದರೂ ಹೆಸರು ಮಾತ್ರ ಕಾಫಿಯದೇ. ಕಲ್ಲಿನ ದೂಳು ಗಂಟಲಿಗೆ ಇಳಿಯುವ ಊರಿನಲ್ಲಿ ಈ ಬಿಸಿ ಪಾನೀಯಕ್ಕೆ ಇದ್ದ ಬೆಲೆಯನ್ನು ರುಚಿಯಿಂದ ಮಾತ್ರ ಅಳೆಯಲಾಗದು.

ಹಾಲಿನ ವಿಷಯಕ್ಕೆ ಬಂದರೆ ಕತೆ ಇನ್ನೂ ಸ್ಪಷ್ಟವಾಗುತ್ತದೆ. ಇಂದು ಕೋಲಾರ ಎಂದರೆ ರೇಷ್ಮೆ ಮತ್ತು ಹಾಲಿನ ಜಿಲ್ಲೆ. ಆದರೆ ಇಲ್ಲಿನ ಹೈನುಗಾರಿಕೆ ಈ ಗಾತ್ರಕ್ಕೆ ಬೆಳೆದದ್ದು 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಡೇರಿ ಅಭಿವೃದ್ಧಿ ಯೋಜನೆ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ, ಹಳ್ಳಿ ಹಳ್ಳಿಗೆ ಸಹಕಾರ ಸಂಘ ಬಂದ ಮೇಲೆ. ಅದಕ್ಕೆ ಮುಂಚೆ ಲೈನ್ ಮನೆಗಳಲ್ಲಿ ಹಾಲು ಕೊಳ್ಳುತ್ತಿದ್ದುದು ಕೂಸಿಗೆ, ಕಾಯಿಲೆಯವರಿಗೆ, ಬಾಣಂತಿಗೆ. ಆಂಡರ್ಸನ್‌ಪೇಟೆಯ ಅಜ್ಜಿಯೊಬ್ಬರು ನನಗೆ ಹೇಳಿದ್ದು ಇದನ್ನೇ: ಮನೆಯಲ್ಲಿ ಹಾಲಿನ ಕಾಫಿ ಕಾಸಿದರೆ ನೆಂಟರು ಬಂದಿದ್ದಾರೆ ಎಂದು ಅಕ್ಕಪಕ್ಕದವರಿಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಅವರಿಗೆ ಈಗಲೂ ಬೆಲ್ಲದ ಕಾಫಿಯೇ ಇಷ್ಟ. ಅದು ಅವರ ‘ಅಭಿರುಚಿ’ ಎಂದು ಬರೆದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಅದರ ಹಿಂದೆ ಎರಡು ತಲೆಮಾರಿನ ಹಾಲಿಲ್ಲದ ಬೆಳಗುಗಳಿವೆ.

ಕಾಫಿಪುಡಿಯ ಕತೆಯೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಕೊಡಗಿನ ಕಾಫಿಯ ದೊಡ್ಡ ಪಾಲು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಲೆ ಬಿದ್ದಾಗ ಬೆಳೆಗಾರರಿಗೆ ದೇಶದೊಳಗಿನ ಬಾಯಿಗಳು ನೆನಪಾದವು. 1935ರಲ್ಲಿ ಕಾಫಿ ಸೆಸ್ ಕಾನೂನು ಬಂತು. 1936ರಲ್ಲಿ ಬೊಂಬಾಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಸರ್ಕಾರವೇ ಕಾಫಿಯ ಮಾರಾಟವನ್ನು ಕೈಗೆತ್ತಿಕೊಂಡಿತು. 1942ರ ಕಾಯ್ದೆಯಿಂದ ಕಾಫಿ ಬೋರ್ಡ್ ಗಟ್ಟಿಯಾಯಿತು. ಬಡವರ ಮನೆಗೆ ಕಾಫಿ ತಲುಪಿದ್ದರಲ್ಲಿ ಚಿಕೋರಿಯ ಪಾಲೂ ದೊಡ್ಡದು. ಈ ಬೇರಿನ ಪುಡಿ ಅಗ್ಗ. ಬಣ್ಣ ಗಾಢ, ಕಹಿ ಹೆಚ್ಚು, ಕೆಫೀನ್ ಇಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಬಾರದು ಎಂದು ಇಂದಿಗೂ ನಿಯಮವಿದೆ. ‘ಸ್ಟ್ರಾಂಗ್ ಕಾಫಿ’ ಎಂದು ನಾವು ಕೇಳಿ ಪಡೆಯುವ ಕಪ್ಪು ಬಣ್ಣದಲ್ಲಿ ಎಷ್ಟೋ ಸಲ ಕಾಫಿಗಿಂತ ಚಿಕೋರಿಯ ಕೈವಾಡವೇ ಹೆಚ್ಚು.

ಇಷ್ಟು ಮನೆಯ ಮಾತು. ಮನೆಯಿಂದ ಹೊರಗೆ ಕಾಲಿಟ್ಟರೆ ಕಾಫಿಗೆ ಬಾಗಿಲು ಇತ್ತು, ಬಾಗಿಲಿಗೆ ಜಾತಿ ಇತ್ತು. ಇದಕ್ಕೆ ಬಂಗಾರಪೇಟೆಗೆ ಬರಬೇಕು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ‘ಬೌರಿಂಗ್‌ಪೇಟೆ’ ಆಗಿದ್ದ ಈ ಊರು ಜನರ ಬಾಯಲ್ಲಿ ಬಂಗಾರಪೇಟೆ ಆಯಿತು. ಮದ್ರಾಸ್–ಬೆಂಗಳೂರು ರೈಲುಹಾದಿಯಲ್ಲಿದ್ದ ಇದು 1894ರಲ್ಲಿ ಮಾರಿಕುಪ್ಪಂಗೆ, 1913ರಲ್ಲಿ ಕೋಲಾರಕ್ಕೆ ಕವಲು ಹಾದಿಗಳು ಬಂದ ಮೇಲೆ ಜಂಕ್ಷನ್ ಆಯಿತು. ಗಣಿಗೆ ಬರುವ ಮನುಷ್ಯರೆಲ್ಲ ರೈಲು ಬದಲಿಸುತ್ತಿದ್ದದ್ದು ಇಲ್ಲೇ. ರೈಲು ಬದಲಿಸುವ ಕಡೆ ಕಾಫಿ ಹೋಟೆಲ್ ಇದ್ದೇ ಇರುತ್ತದೆ.

ಆ ಕಾಲದ ಕಾಫಿ ಹೋಟೆಲಿನ ಸ್ವರೂಪ ಅದರ ಹೆಸರಿನಲ್ಲೇ ಇರುತ್ತಿತ್ತು. ಇಂದಿನ ಪ್ರಸಿದ್ಧ ಎಂ.ಟಿ.ಆರ್. ಕೂಡ 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರು ಹೊತ್ತಿತ್ತು. ಅಂದು ಇಂಥ ಹೆಸರು ಅಪರೂಪವೇನಲ್ಲ. ಮಡಿ, ಶುಚಿ ಎರಡನ್ನೂ ಒಂದೇ ಪದದಲ್ಲಿ ಮಾರುವ ವಿಧಾನ ಅದು. ಮದ್ರಾಸ್ ಸೀಮೆಯ ರೈಲು ನಿಲ್ದಾಣಗಳ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೊಂದು, ಉಳಿದವರಿಗೊಂದು ಜಾಗವಿತ್ತು. ಪೆರಿಯಾರ್ ಮತ್ತು ಸಂಗಡಿಗರು ಹೋರಾಡಿದ ಮೇಲೆ 1941ರಲ್ಲಿ ಅದು ನಿಂತಿತು. ‘ಉಳಿದವರಿಗೂ’ ಹೊರಗಿದ್ದವರು ದಲಿತರು. ಹೋಟೆಲಿನ ಹೊರಗೆ ನಿಂತು, ತೆಂಗಿನ ಚಿಪ್ಪಿನಲ್ಲೋ ಬೇರೆ ಇಟ್ಟ ಲೋಟದಲ್ಲೋ ಮೇಲಿನಿಂದ ಸುರಿಸಿಕೊಂಡು ಕುಡಿದು, ತೊಳೆದಿಟ್ಟು ಬರುವ ಪದ್ಧತಿಯನ್ನು ದಕ್ಷಿಣದ ಹಳ್ಳಿ, ಪೇಟೆಗಳು ಚೆನ್ನಾಗಿಯೇ ಬಲ್ಲವು. ನಾನು ಮಾತಾಡಿಸಿದ ನಿವೃತ್ತ ಕಾರ್ಮಿಕರೊಬ್ಬರು ತಮ್ಮ ತಂದೆ ಪೇಟೆಗೆ ಹೋದಾಗ ಕಾಫಿ ಕುಡಿಯದೆ ವಾಪಸು ಬರುತ್ತಿದ್ದುದನ್ನು ನೆನೆದರು. ದುಡ್ಡಿಲ್ಲದೆ ಅಲ್ಲ. ವಾರದ ಬಟವಾಡೆ ಜೇಬಿನಲ್ಲಿ ಇರುತ್ತಿತ್ತು.

ಅವರು ಕುಡಿಯದೆ ಬಂದದ್ದನ್ನು ನಾವು ಸುಮ್ಮನಿರುವಿಕೆ ಎಂದು ಓದಬಾರದು. ಇದೇ ಜನ ಅಯೋತ್ತಿದಾಸ ಪಂಡಿತರ ಪ್ರಭಾವದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬೌದ್ಧ ಸಂಘ ಕಟ್ಟಿದವರು. ನಿಂತುಹೋಗಿದ್ದ ‘ತಮಿಳನ್’ ಪತ್ರಿಕೆಯನ್ನು ಜಿ. ಅಪ್ಪಾದುರೈಯಾರ್ 1926ರಲ್ಲಿ ಮತ್ತೆ ಹೊರಡಿಸಿದ್ದು ಈ ಗಣಿಯ ಊರಿನಿಂದಲೇ. ತಮ್ಮದೇ ಪತ್ರಿಕೆ, ಸಭೆ, ವಾಚನಾಲಯ ಇದ್ದವರಿಗೆ ಚಿಪ್ಪಿನ ಕಾಫಿ ಬೇಡವಾಗಿದ್ದರೆ ಅದು ತೀರ್ಮಾನ. 1950ರ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಅಲ್ಲಿ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಎಂದಿತು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ ಬಂತು. ಸಮಾನತೆಯ ಬಗ್ಗೆ ಬರೆಯುವಾಗ ಸಂವಿಧಾನಕ್ಕೆ ಹೋಟೆಲಿನ ಹೆಸರು ಎತ್ತಬೇಕಾಯಿತು ಎಂಬುದನ್ನು ನಮ್ಮ ಕಾಫಿ ಚರಿತ್ರೆಯ ಮುಖ್ಯ ಪುಟವೆಂದೇ ನಾನು ಓದುತ್ತೇನೆ.

ಈ ಹಿನ್ನೆಲೆಯಲ್ಲಿ ಇನ್ನೊಂದು ಸಂಗತಿ ಅರ್ಥವಾಗುತ್ತದೆ. ನಾನು ಮಾತಾಡಿಸಿದ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದು, ಮನೆಯಲ್ಲಿ ಕಾಫಿ, ಕೆಲಸದಲ್ಲಿ ಟೀ. ಏಕೆ ಹೀಗೆ? ಟೀ ಕಂಪನಿಗಳು ಕಾಫಿಯವರಿಗಿಂತ ಮುಂಚೆಯೇ ದುಡಿಯುವ ಜನರ ಬಳಿಗೆ ಹೋದವು. 1903ರ ಸೆಸ್ ಹಣದಲ್ಲಿ ನಡೆದ ಪ್ರಚಾರ ಮೊದಲ ಮಹಾಯುದ್ಧದ ಹೊತ್ತಿಗೆ ದೇಶದ ಕಾರ್ಖಾನೆ, ಹತ್ತಿಗಿರಣಿ, ಕಲ್ಲಿದ್ದಲು ಗಣಿಗಳಲ್ಲಿ ಟೀ ಅಂಗಡಿ ಇಡಿಸಿತ್ತು. ಟೀಗೆ ಸ್ವಲ್ಪ ಹಾಲು ಸಾಕು, ದೊಡ್ಡ ಪಾತ್ರೆಯಲ್ಲಿ ನೂರು ಜನಕ್ಕೆ ಒಟ್ಟಿಗೆ ಕುದಿಸಬಹುದು. ಇದಕ್ಕಿಂತ ಮುಖ್ಯವಾಗಿ, ಟೀಗೆ ಮಡಿಯ ಹೆಸರು ಅಂಟಿರಲಿಲ್ಲ. ತಮಿಳುನಾಡಿನಲ್ಲಿ ಕಾಫಿ ಬ್ರಾಹ್ಮಣ ಮಧ್ಯಮವರ್ಗದ ಗುರುತಾಗಿ, ಟೀ ನಗರದ ಕಾರ್ಮಿಕರ, ಮುಸ್ಲಿಮರ ಪಾನೀಯವಾಗಿ ಬೇರೆಯಾದದ್ದನ್ನು ಇತಿಹಾಸಕಾರ ಎ.ಆರ್. ವೆಂಕಟಾಚಲಪತಿ ವಿವರಿಸಿದ್ದಾರೆ. ಕೆಜಿಎಫ್ ಆ ವಿವರಣೆಗೆ ಒಂದು ತಿರುವು ಕೊಡುತ್ತದೆ. ಇಲ್ಲಿನ ಕಾರ್ಮಿಕ ಕಾಫಿಯನ್ನು ಬಿಡಲಿಲ್ಲ. ಯಾರ ಕಣ್ಣೂ ಬೀಳದ ತನ್ನ ಒಲೆಯ ಮುಂದೆ, ತನ್ನದೇ ಲೋಟದಲ್ಲಿ ಅದನ್ನು ಉಳಿಸಿಕೊಂಡ. ನಾಲ್ಕು ಜನರ ನಡುವೆ ಟೀ ಕುಡಿದ.

1952ರ ಗಣಿ ಕಾಯ್ದೆ ಮತ್ತು 1955ರ ನಿಯಮಗಳ ಪ್ರಕಾರ 250ಕ್ಕಿಂತ ಹೆಚ್ಚು ಜನರಿರುವ ಗಣಿಗೆ ಕ್ಯಾಂಟೀನು ಕೇಳುವ ಹಕ್ಕು ಕಾರ್ಮಿಕರಿಗೆ ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಕ್ಯಾಂಟೀನಿನ ಉದ್ದನೆಯ ಬೆಂಚು ಸಣ್ಣ ಸಂಗತಿಯಲ್ಲ. ಫೋರ್‌ಮನ್‌ಗೂ ಮಣ್ಣು ತುಂಬುವವನಿಗೂ ಒಂದೇ ಪಾತ್ರೆಯ ಟೀ ಬರುವುದನ್ನು ಮೊದಲು ನೋಡಿದ ತಲೆಮಾರಿಗೆ ಅದರ ರುಚಿ ಬೇರೆಯೇ ಇದ್ದಿರಬೇಕು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಗು ನಿಂತಿತು. ಗಣಿಯ ಊರಿನ ಮಕ್ಕಳು ದುಡಿಮೆಗೆ ಬೆಂಗಳೂರಿನ ರೈಲು ಹತ್ತಿದರು. ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂನಿಂದ ಹೊರಡುವ ಗಾಡಿಯಲ್ಲಿ ಸೀಟು ಸಿಗಬೇಕಾದರೆ ಒಲೆ ಹಚ್ಚುವ ಹೊತ್ತು ಇನ್ನೂ ಹಿಂದಕ್ಕೆ ಹೋಗಬೇಕು. ಈಗ ಹಾಲಿಗೆ ಕೊರತೆಯಿಲ್ಲ, ನಂದಿನಿ ಪ್ಯಾಕೆಟ್ ಮೂಲೆ ಅಂಗಡಿಯಲ್ಲೇ ಸಿಗುತ್ತದೆ. ಇಲ್ಲದ್ದು ಸಮಯ. ಅದಕ್ಕೇ ಸಣ್ಣ ಪೊಟ್ಟಣದ ಇನ್‌ಸ್ಟಂಟ್ ಪುಡಿ. ಪಾಳಿಯ ಕಾಲದಲ್ಲಿ ವರಕಾಪಿ ಮಾಡಿದ ಕೆಲಸವನ್ನೇ ಈಗ ಇದು ಮಾಡುತ್ತಿದೆ.

ಇತ್ತ ಬೆಂಗಳೂರಿನಲ್ಲಿ, ಹೆದ್ದಾರಿಗಳಲ್ಲಿ ‘ಕರುಪಟ್ಟಿ ಕಾಫಿ’ ಎಂಬ ಬೋರ್ಡುಗಳು ಎದ್ದಿವೆ. ತಾಳೆಬೆಲ್ಲದ ಕಾಫಿಯನ್ನು ಹಿತ್ತಾಳೆ ಲೋಟದಲ್ಲಿ ‘ನಮ್ಮ ಪಾರಂಪರಿಕ ಪೇಯ’ ಎಂದು ಕೊಡುತ್ತಾರೆ. ಕುಡಿಯಲು ಚೆನ್ನಾಗಿಯೇ ಇರುತ್ತದೆ, ತಕರಾರಿಲ್ಲ. ಆದರೆ ಪರಂಪರೆ ಎನ್ನುವ ಪದವನ್ನು ಬಳಸುವಾಗ ಯಾರ ಪರಂಪರೆ, ಯಾವ ಕಾರಣಕ್ಕೆ ಬೆಲ್ಲ, ಹಾಲು ಏಕೆ ಇರಲಿಲ್ಲ ಎಂದು ಕೇಳಬೇಕಾದದ್ದು ಚರಿತ್ರೆ ಓದುವವರ ಕೆಲಸ. ಬಿ.ಎಂ. ಶಾಲೆ, ಕ್ಲಬ್ಬು, ಗಾಲ್ಫ್ ಮೈದಾನಗಳಿದ್ದ ‘ಲಿಟ್ಲ್ ಇಂಗ್ಲೆಂಡ್’ ಬಗ್ಗೆ ಬರಹಗಳಿಗೆ ಬರವಿಲ್ಲ. ಲೈನ್ ಮನೆಗಳು ಮಾತ್ರ ಒಂದೊಂದಾಗಿ ಕುಸಿಯುತ್ತಿವೆ, ವರಕಾಪಿ ಕಾಸಿದ ಕೈಗಳಿಗೆ ಎಂಬತ್ತು ದಾಟಿದೆ. ಓದುವ ಗೆಳೆಯರಲ್ಲಿ ಯಾರಾದರೂ ಆ ಕಡೆಯವರಿದ್ದರೆ, ಮನೆಯ ಹಿರಿಯರನ್ನು ಈ ವಾರವೇ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ: ಕಾಫಿಗೆ ಹಾಲು ಬಿದ್ದದ್ದು ಯಾವ ವರ್ಷ, ಹೋಟೆಲಿನ ಒಳಗೆ ಕೂತು ಕುಡಿದದ್ದು ಯಾವಾಗ?