ಪ್ಲಾಸ್ಮಾ, ಎಲ್‌ಸಿಡಿ ಮತ್ತು ನಮ್ಮ ಪಡಸಾಲೆ

“ಸರ್, ಪ್ಲಾಸ್ಮಾ ತಗೊಳ್ಳೂದು ಚಲೋರೀ, ಎಲ್‌ಸಿಡಿ ಚಲೋರೀ?” ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಹೊಸ ಮನೆ ಕಟ್ಟಿಸಿದ ನನ್ನ ಹಳೆಯ ವಿದ್ಯಾರ್ಥಿಗಳು 2005ರಿಂದ 2010ರವರೆಗಿನ ವರ್ಷಗಳಲ್ಲಿ ಕೇಳುತ್ತಿದ್ದ ಪ್ರಶ್ನೆಯಿದು. ಇಂದು ಇದನ್ನು ಕೇಳುವವರಿಲ್ಲ. ಆದರೂ ಆ ಆಯ್ಕೆಯ ಹಿಂದಿನ ಇತಿಹಾಸ ತಿಳಿದಿರಬೇಕಾದುದು.

ನಮ್ಮ ನೆರೆಗೆ ದೂರದರ್ಶನ ಮೊದಲು ಬಂದುದು ಮನೆಯ ವಸ್ತುವಾಗಿ ಅಲ್ಲ, ಪಾಠಶಾಲೆಯ ಉಪಕರಣವಾಗಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ರಾಮದುರ್ಗ ತಾಲೂಕಿನ ಗಡಿ ದಾಟಿದರೆ ಸಿಗುವ ಬಾದಾಮಿ, ಮುಧೋಳ ತಾಲೂಕುಗಳು ಅಂದು ವಿಜಾಪುರ ಜಿಲ್ಲೆಯವೇ. ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ಹತ್ತು ಅಡಿ ಅಗಲದ ಬುಟ್ಟಿಯೇ ಆಂಟೆನಾ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆಲ್ಲ ಕಾರ್ಯಕ್ರಮ. ಪೆಟ್ಟಿಗೆ ಒಂದು, ನೋಡುವವರು ಇಡೀ ಊರು.

1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು, 1982ರಲ್ಲಿ ಬಣ್ಣದ ಪ್ರಸಾರ ಬಂದಿತು, 1984ರಲ್ಲಿ ದೇಶದ ನಾನಾ ಭಾಗಗಳಲ್ಲಿ ಸಣ್ಣ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. 1987ರ ಜನವರಿಯಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದ ಮೇಲೆ ಭಾನುವಾರ ಮುಂಜಾನೆ ಟಿವಿಯಿದ್ದ ಮನೆಯ ಪಡಸಾಲೆ ಓಣಿಯವರಿಗೆಲ್ಲ ಸೇರಿದ್ದಾಯಿತು. ನಡುವೆ ಜಾಗ ಸಿಗದವರು ಬಾಗಿಲ ಮರೆಯಿಂದ, ಕಿಟಕಿಯಿಂದ ಓರೆಯಾಗಿ ನೋಡುತ್ತಿದ್ದರು.

ಈ ಓರೆ ನೋಟದ ಮಾತನ್ನು ನೆನಪಿಡಿರಿ. ಪ್ಲಾಸ್ಮಾ ಪರದೆಯ ದೊಡ್ಡ ಗುಣ ಅಲ್ಲಿಯೇ ಇದೆ.

ಪ್ಲಾಸ್ಮಾ ಹುಟ್ಟಿದ್ದೂ ಶಿಕ್ಷಣಕ್ಕಾಗಿಯೇ. 1964ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್, ಕಂಪ್ಯೂಟರಿನಿಂದ ಪಾಠ ಹೇಳುವ ‘ಪ್ಲೇಟೊ’ ಯೋಜನೆಗಾಗಿ ಇದನ್ನು ರೂಪಿಸಿದರು. ಗಾಜಿನ ಎರಡು ಹಾಳೆಗಳ ನಡುವೆ ಲಕ್ಷಾಂತರ ಪುಟ್ಟ ಕೋಣೆಗಳು; ಬಣ್ಣದ ಟಿವಿಯಲ್ಲಿ ಒಂದೊಂದೂ ಒಂದು ಪುಟ್ಟ ಟ್ಯೂಬ್‌ಲೈಟು. ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಕಪ್ಪು ಗಾಢವಾಗಿ ಕಾಣುತ್ತದೆ, ಯಾವ ಮೂಲೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ.

ಎಲ್‌ಸಿಡಿಯ ಮೂಲ ಇನ್ನೂ ಹಿಂದಿನದು. 1888ರಲ್ಲಿ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಗಜ್ಜರಿಯಿಂದ ತೆಗೆದ ವಸ್ತುವಿನಲ್ಲಿ ದ್ರವಸ್ಫಟಿಕದ ಗುಣವನ್ನು ಕಂಡನು. ಎಂಟು ದಶಕಗಳ ಬಳಿಕ, 1968ರಲ್ಲಿ, ಆರ್‌ಸಿಎ ಸಂಸ್ಥೆಯು ಜಾರ್ಜ್ ಹೈಲ್ಮಾಯರ್‌ನ ತಂಡ ಸಿದ್ಧಪಡಿಸಿದ ಪರದೆಯನ್ನು ತೋರಿಸಿತು. ಇಲ್ಲಿ ಚುಕ್ಕೆಗಳು ತಾವೇ ಬೆಳಗುವುದಿಲ್ಲ. ಹಿಂದಿನ ದೀಪದ ಬೆಳಕನ್ನು ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚುತ್ತವೆ. ಆದುದರಿಂದ ಅಂದಿನ ಎಲ್‌ಸಿಡಿಯಲ್ಲಿ ಕಪ್ಪು ತುಸು ಬೂದು, ಓರೆಯಿಂದ ನೋಡಿದರೆ ಬಣ್ಣ ಮಂಕು.

ಹಾಗಾದರೆ ನಮ್ಮ ಭಾಗದ ಮನೆಗಳಿಗೆ ಒಪ್ಪುವುದು ಯಾವುದು? ಮಣ್ಣಿನ ಮಾಳಿಗೆಯ ಹಳೆಯ ಮನೆಯಲ್ಲಿ ಬೆಳಕಿಂಡಿಯಿಂದ ಬಂದಷ್ಟೇ ಬೆಳಕು. ಆ ಅರೆಗತ್ತಲಿಗೆ ಪ್ಲಾಸ್ಮಾ ಹೇಳಿ ಮಾಡಿಸಿದಂತಿತ್ತು. ಆದರೆ ಕೊಳ್ಳುವ ಶಕ್ತಿಯಿದ್ದವರು ಆ ವೇಳೆಗೆ ದೊಡ್ಡ ಕಿಟಕಿಗಳ ಆರ್‌ಸಿಸಿ ಮನೆಗಳನ್ನು ಕಟ್ಟಿದ್ದರು. ಹಗಲಿನಲ್ಲಿ ಪ್ಲಾಸ್ಮಾದ ಹೊಳೆಯುವ ಗಾಜಿನಲ್ಲಿ ಚಿತ್ರಕ್ಕಿಂತ ಅಂಗಳವೇ ಹೆಚ್ಚು ಕಾಣುತ್ತಿತ್ತು. ಅದು ಎಳೆಯುವ ಕರೆಂಟು ಹೆಚ್ಚು, ತೂಕವೂ ಹೆಚ್ಚು. ವಿದ್ಯುತ್ತು ಹೋದಾಗ ಇನ್ವರ್ಟರಿಗೆ ಭಾರ. ಒಂದೇ ವಾಹಿನಿಯನ್ನು ದಿನವಿಡೀ ಹಚ್ಚಿಟ್ಟರೆ ಮೂಲೆಯ ಲಾಂಛನ ಪರದೆಯಲ್ಲಿ ಅಚ್ಚೊತ್ತಿ ಉಳಿಯುವ ಭಯ ಬೇರೆ. ಹತ್ತಿ, ಗೋವಿನಜೋಳದ ಹುಟ್ಟುವಳಿಯಿಂದ ಕೂಡಿಸಿದ ಹಣಕ್ಕೆ ಇವೆಲ್ಲ ಸಣ್ಣ ಸಂಗತಿಗಳಲ್ಲ.

ಕೊನೆಗೆ ಗೆದ್ದುದು ಎಲ್‌ಸಿಡಿ. ಕಂಪ್ಯೂಟರು, ಮೊಬೈಲುಗಳಿಗೂ ಅದೇ ಪರದೆಯಾದುದರಿಂದ ಕಾರ್ಖಾನೆಗಳು ಬೆಳೆದು ಬೆಲೆ ಇಳಿಯಿತು. ಪ್ಯಾನಸೋನಿಕ್ 2013ರಲ್ಲಿ, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಪ್ಲಾಸ್ಮಾ ತಯಾರಿಕೆಗೆ ಮಂಗಳ ಹಾಡಿದವು. ಚಿತ್ರದ ಗುಣದಲ್ಲಿ ಮೇಲೆಂದು ಬಲ್ಲವರು ಹೊಗಳಿದ್ದೇ ಸೋತಿತು. ಯಾವ ಮೂಲೆಯಲ್ಲಿ ಕುಳಿತವರಿಗೂ ಒಂದೇ ಚಿತ್ರ ಕೊಡುವ ಪರದೆ, ಓಣಿಯ ಜನ ಒಂದೆಡೆ ಕೂಡುವ ಕಾಲ ಮುಗಿದ ಮೇಲೆ ನಮ್ಮೂರಿಗೆ ಬಂದಿತೆಂಬುದು ಇತಿಹಾಸದ ವಿಚಿತ್ರ.

ಇಂದು ಅಂಗಡಿಯಲ್ಲಿ ‘ಎಲ್‌ಇಡಿ ಟಿವಿ’ ಎಂದು ಮಾರುವುದು ಬಹುಪಾಲು ಎಲ್‌ಸಿಡಿಯೇ. ಹಿಂದಿನ ದೀಪ ಮಾತ್ರ ಬದಲಾಗಿದೆ. ‘ಓಎಲ್‌ಇಡಿ’ಯಲ್ಲಿ ಪ್ಲಾಸ್ಮಾದಂತೆ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಹಳೆಯ ಪ್ರಶ್ನೆ ಹೊಸ ಹೆಸರಿನಲ್ಲಿ ಬಂದಿದೆ, ಅಷ್ಟೆ. ಅಂದು ಕೇಳಿದವರಿಗೆ ಹೇಳಿದ್ದನ್ನೇ ಅವರ ಮಕ್ಕಳಿಗೂ ಹೇಳುತ್ತೇನೆ: ಅಂಗಡಿಯಲ್ಲಿ ಚಿತ್ರ ನೋಡಿ ಮರುಳಾಗುವ ಮೊದಲು ನಿಮ್ಮ ಮನೆಯನ್ನು ನೋಡಿರಿ. ಬೆಳಕು ಎಲ್ಲಿಂದ ಬರುತ್ತದೆ, ಹಗಲು ನೋಡುವವರು ಯಾರು, ಅಜ್ಜಿ ಕೂಡುವ ಜಾಗ ಯಾವುದು ಎಂಬುದನ್ನು ಕಂಡುಕೊಂಡು ಹಣ ಎಣಿಸಿರಿ.