ಲಾರಿ ಚಾಲನೆಯಲ್ಲಿ ಮಹಿಳೆ: ಪರವಾನಗಿ, ಸಂಪಾದನೆ, ತಂಗುದಾಣದ ಸಮಸ್ಯೆ

ಭಾರತದಲ್ಲಿ ಸರಕಿನ ಬಹುಪಾಲು ಲಾರಿಗಳ ಮೇಲೆ ಸಾಗುತ್ತದೆ. ಆದರೆ ಆ ಲಾರಿಗಳ ಚಾಲಕರಲ್ಲಿ ಮಹಿಳೆಯರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಬಸ್ ನಿರ್ವಾಹಕಿಯರಾಗಿ, ಆಟೊ ಮತ್ತು ಟ್ಯಾಕ್ಸಿ ಚಾಲಕಿಯರಾಗಿ ಮಹಿಳೆಯರು ಕಾಣಿಸಿಕೊಂಡು ದಶಕಗಳೇ ಕಳೆದಿವೆ. ಲಾರಿಯ ಕ್ಯಾಬಿನ್ ಮಾತ್ರ ಇಂದಿಗೂ ಬಹುತೇಕ ಗಂಡಸರ ಲೋಕವಾಗಿಯೇ ಉಳಿದಿದೆ.

ಇದಕ್ಕೆ ಸಾಮಾನ್ಯವಾಗಿ ನೀಡುವ ಕಾರಣ ದೇಹಬಲ. ಈ ವಾದದಲ್ಲಿ ಈಗ ಹೆಚ್ಚಿನ ಹುರುಳಿಲ್ಲ. ಪವರ್ ಸ್ಟೀರಿಂಗ್ ಮತ್ತು ಏರ್ ಬ್ರೇಕ್ ಬಂದ ಮೇಲೆ ಹತ್ತು ಚಕ್ರದ ಲಾರಿಯನ್ನು ತಿರುಗಿಸಲು ತೋಳ್ಬಲಕ್ಕಿಂತ ಅಂದಾಜು ಮತ್ತು ತಾಳ್ಮೆ ಮುಖ್ಯ. ಸರಕು ಹೇರುವ, ಇಳಿಸುವ ಕೆಲಸ ಹಮಾಲರದು. ಮಹಿಳೆಗೆ ನಿಜವಾದ ಕಷ್ಟ ಎದುರಾಗುವುದು ಲಾರಿ ನಿಂತಾಗ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮಲಗಬೇಕು, ಶೌಚಕ್ಕೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳು ಅವಳ ಸಂಪಾದನೆಯನ್ನು ನೇರವಾಗಿ ಕಡಿಮೆ ಮಾಡುತ್ತವೆ.

ಪರವಾನಗಿಯ ದಾರಿ:

1988ರ ಮೋಟಾರು ವಾಹನ ಕಾಯ್ದೆಯು ಚಾಲನಾ ಪರವಾನಗಿಯ ವಿಷಯದಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಿಲ್ಲ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅದಕ್ಕೆ ಮೊದಲು ಲಘು ಮೋಟಾರು ವಾಹನದ ಪರವಾನಗಿ ಪಡೆದು ಕನಿಷ್ಠ ಒಂದು ವರ್ಷ ಕಳೆದಿರಬೇಕು. ಎಂಟನೇ ತರಗತಿ ಓದಿರಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ 2019ರಲ್ಲಿ ಕೈಬಿಟ್ಟಿತು. ನಡುವೆಯೇ ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಈ ಬದಲಾವಣೆ ಸಣ್ಣದೇನಲ್ಲ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪು ಇನ್ನೊಂದು ಬಾಗಿಲನ್ನು ತೆರೆದಿದೆ. ಲಘು ವಾಹನದ ಪರವಾನಗಿ ಇರುವವರು 7,500 ಕಿಲೋಗ್ರಾಂಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ನ್ಯಾಯಾಲಯ ಹೇಳಿತು. ತರಕಾರಿ, ಹಾಲು, ಸಿಲಿಂಡರ್, ಪಾರ್ಸೆಲ್ ಸಾಗಿಸುವ ಸಣ್ಣ ಗಾಡಿಗಳೆಲ್ಲ ಹೆಚ್ಚಾಗಿ ಈ ಮಿತಿಯೊಳಗೆ ಬರುತ್ತವೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಚಾಲನಾ ತರಬೇತಿ ಕೊಡಿಸಿ, ಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ಗಳನ್ನು ಅವರ ಕೈಗೆ ಒಪ್ಪಿಸಿರುವುದು ಇದೇ ಗಾತ್ರದ ವಾಹನಗಳಲ್ಲಿ. ಊರಿನ ಬೀದಿಯಲ್ಲಿ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮನೆ ಸೇರುವ ಈ ಕೆಲಸಕ್ಕೂ ಹೆದ್ದಾರಿಯ ದುಡಿಮೆಗೂ ಅಜಗಜಾಂತರವಿದೆ, ನಿಜ. ಆದರೂ ಭಾರಿ ವಾಹನದ ಪರವಾನಗಿಗೆ ಅರ್ಜಿ ಹಾಕಲು ಬೇಕಾದ ಮೊದಲ ಮೆಟ್ಟಿಲನ್ನು ಈ ಮಹಿಳೆಯರು ಆಗಲೇ ಹತ್ತಿದ್ದಾರೆ.

ಬಾಡಿಗೆಯ ಲೆಕ್ಕ:

ಲಾರಿಯಲ್ಲಿ ದುಡಿಯುವವರು ಎರಡು ಬಗೆ. ಮಾಲೀಕನ ಲಾರಿಗೆ ಚಾಲಕರಾಗಿ ಹೋಗುವವರಿಗೆ ತಿಂಗಳ ಸಂಬಳ ಅಥವಾ ಟ್ರಿಪ್ಪಿಗೆ ಇಂತಿಷ್ಟು ಎಂದು ಹಣ ಸಿಗುತ್ತದೆ; ದಾರಿಯ ಊಟಕ್ಕೆಂದು ಬಾಟಾ ಬೇರೆ. ಸ್ವಂತ ಲಾರಿ ಇದ್ದವರು ಟ್ರಾನ್ಸ್‌ಪೋರ್ಟ್ ಕಚೇರಿ ಅಥವಾ ಬ್ರೋಕರ್ ಮೂಲಕ ಲೋಡ್ ಹಿಡಿದು, ಬಾಡಿಗೆಯಲ್ಲಿ ಖರ್ಚು ಕಳೆದು ಉಳಿದದ್ದನ್ನು ಮನೆಗೆ ಒಯ್ಯುತ್ತಾರೆ.

ಖರ್ಚಿನಲ್ಲಿ ಸಿಂಹಪಾಲು ಡೀಸೆಲ್‌ನದು. ಬೆಂಗಳೂರಿನಿಂದ ಮುಂಬೈಗೆ ಸುಮಾರು 980 ಕಿ.ಮೀ. ಲೋಡ್ ತುಂಬಿದ ಲಾರಿ ಲೀಟರಿಗೆ 4 ಕಿ.ಮೀ. ಕೊಡುತ್ತದೆಂದು ಹಿಡಿದರೆ 245 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೂ ಒಂದು ಕಡೆಯ ಪ್ರಯಾಣಕ್ಕೇ 22 ಸಾವಿರ ರೂಪಾಯಿ ಆಯಿತು. ಟೋಲ್, ಟೈರು ಸವೆತ, ವಿಮೆ, ಎಫ್‌ಸಿ, ಕ್ಲೀನರ್ ಸಂಬಳ ಇದರ ಮೇಲೆ. ಸಾಲದ ಕಂತಂತೂ ಲಾರಿ ಓಡಿದರೂ ಓಡದಿದ್ದರೂ ತಪ್ಪದು. ಹಿಂದಿರುಗುವಾಗ ಲೋಡ್ ಸಿಗದೆ ಖಾಲಿ ಬಂದರೆ ಹೋದ ಟ್ರಿಪ್ಪಿನ ಲಾಭವೂ ಕರಗುತ್ತದೆ. ಆಸೆಗೆ ಬಿದ್ದು ಹೆಚ್ಚು ಹೇರಿಕೊಂಡರೆ, 2019ರ ತಿದ್ದುಪಡಿಯ ಪ್ರಕಾರ 20 ಸಾವಿರ ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2 ಸಾವಿರ ರೂಪಾಯಿ.

ಹೀಗಾಗಿ ತಿಂಗಳಿಗೆ ಎಷ್ಟು ಟ್ರಿಪ್ ಮುಗಿಯುತ್ತವೆ ಎಂಬುದರ ಮೇಲೆಯೇ ಮನೆಯ ಒಲೆ ಉರಿಯುವುದು ನಿಂತಿದೆ. ಮಹಿಳೆಯ ಲೆಕ್ಕ ತಪ್ಪುವುದು ಇಲ್ಲಿಯೇ. ಗಂಡಸು ನಿದ್ದೆ ಬಂದಲ್ಲಿ ಲಾರಿಯನ್ನು ರಸ್ತೆಬದಿಗೆ ಹಾಕಿ ಕ್ಯಾಬಿನ್‌ನಲ್ಲೇ ಮಲಗುತ್ತಾನೆ. ಮಹಿಳೆ ಬೆಳಕಿರುವ, ಜನರಿರುವ ಪೆಟ್ರೋಲ್ ಬಂಕ್ ಅಥವಾ ಪರಿಚಯದ ಢಾಬಾ ಸಿಗುವವರೆಗೆ ಓಡಿಸಬೇಕು, ಇಲ್ಲವೇ ಕತ್ತಲಾಗುವ ಮುನ್ನವೇ ನಿಲ್ಲಿಸಬೇಕು. ಮೊದಲನೆಯದರಲ್ಲಿ ಅಪಘಾತದ ಭಯ, ಎರಡನೆಯದರಲ್ಲಿ ರಾತ್ರಿಯ ಓಟದ ನಷ್ಟ. ನಗರದೊಳಗೆ ಹಗಲು ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವ ಕಡೆಗಳಲ್ಲಿ ರಾತ್ರಿ ಓಡಿಸದೆ ಗತ್ಯಂತರವೂ ಇಲ್ಲ.

ಗೋದಾಮಿನ ಮುಂದಿನ ಕಾಯುವಿಕೆ ಇನ್ನೊಂದು ಪೀಡೆ. ಅನ್‌ಲೋಡ್ ಸರದಿಗಾಗಿ ಒಂದು ದಿನ, ಕೆಲವೊಮ್ಮೆ ಎರಡು ದಿನ ನಿಲ್ಲುವುದು ಈ ವೃತ್ತಿಯಲ್ಲಿ ಮಾಮೂಲು. ಈ ಹೊತ್ತಿಗೆ ಕೂಲಿ ಕಟ್ಟುವವರು ವಿರಳ. ಅನೇಕ ಯಾರ್ಡ್‌ಗಳಲ್ಲಿ ಚಾಲಕರಿಗೆಂದು ಸ್ನಾನಗೃಹವಿದ್ದರೂ ಅದು ಗಂಡಸರದು. ಶೌಚದ ಗೊಡವೆಯೇ ಬೇಡವೆಂದು ಪ್ರಯಾಣದುದ್ದಕ್ಕೂ ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಮೂತ್ರನಾಳದ ಸೋಂಕು ತಗಲುವ ಅಪಾಯ ಹೆಚ್ಚು. ಮುಟ್ಟಿನ ದಿನಗಳ ಪಾಡನ್ನು ಹೇಳಬೇಕಾಗಿಲ್ಲ.

ಈ ದಾರಿ ಹಿಡಿದವರು:

ಇಷ್ಟೆಲ್ಲ ತಿಳಿದೂ ಲಾರಿ ಹತ್ತಿದವರಲ್ಲಿ ಭೋಪಾಲ್‌ನ ಯೋಗಿತಾ ರಘುವಂಶಿ ಹೆಸರಾದವರು. ಮಹಾರಾಷ್ಟ್ರದ ನಂದುರ್ಬಾರ್ ಮೂಲದ ಇವರು ಕಾನೂನು ಪದವೀಧರೆ. 2003ರಲ್ಲಿ ಪತಿ ಅಪಘಾತದಲ್ಲಿ ತೀರಿಕೊಂಡಾಗ ಇಬ್ಬರು ಮಕ್ಕಳನ್ನು ಸಾಕುವ ಹೊಣೆ ಇವರ ಮೇಲೆ ಬಿತ್ತು. ಕಿರಿಯ ವಕೀಲೆಯಾಗಿ ಸಿಗುವ ಹಣ ಸಂಸಾರಕ್ಕೆ ಸಾಲದಾಗಿತ್ತು. ಕುಟುಂಬದ ಲಾರಿಗೆ ಚಾಲಕನನ್ನಿಟ್ಟು ವ್ಯವಹಾರ ನಡೆಸಹೊರಟರೆ, ಹೈದರಾಬಾದ್ ಬಳಿ ಅಪಘಾತ ಮಾಡಿದ ಆತ ಲಾರಿಯನ್ನು ಬಿಟ್ಟು ಓಡಿಹೋದ. ಲಾರಿಯನ್ನು ದುರಸ್ತಿ ಮಾಡಿಸಿ ತಂದ ಯೋಗಿತಾ, ಬಳಿಕ ತಾವೇ ಚಾಲನೆ ಕಲಿತು ಅಂತರರಾಜ್ಯ ಸಾಗಣೆಗೆ ಇಳಿದರು. ಕೋರ್ಟಿನ ಕರಿಕೋಟಿಗಿಂತ ಲಾರಿಯ ಸ್ಟೀರಿಂಗ್ ಬೇಗ ಹಣ ತಂದಿತು ಎಂಬುದು ಆ ಕಾಲದ ವಾಸ್ತವ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅವರು ಕೆಲಸ ಕೇಳಿಕೊಂಡು ಯಾವ ಮಾಲೀಕನ ಬಳಿಗೂ ಹೋಗಬೇಕಾಗಲಿಲ್ಲ. ಲಾರಿ ಮನೆಯದೇ ಆಗಿತ್ತು.

ಕೇರಳದ ಕೋಟ್ಟಯಂ ಜಿಲ್ಲೆಯ ಜಲಜಾ ರತೀಶ್ ಅವರದು ಬೇರೆ ಮಾದರಿ. ಪತಿಯ ಕುಟುಂಬ ಲಾರಿ ವ್ಯವಹಾರದಲ್ಲಿತ್ತು. 2022ರಲ್ಲಿ ಪತಿಯೊಂದಿಗೆ ಸರದಿಯಂತೆ ಲಾರಿ ಓಡಿಸುತ್ತ ಕಾಶ್ಮೀರದವರೆಗೆ ಹೋಗಿಬಂದ ಅವರ ಪ್ರಯಾಣ ಯೂಟ್ಯೂಬ್ ಮೂಲಕ ಮನೆಮಾತಾಯಿತು. ಇಬ್ಬರು ಚಾಲಕರಿದ್ದರೆ ಲಾರಿ ನಿಲ್ಲುವುದು ಕಡಿಮೆ, ಎರಡನೇ ಚಾಲಕನ ಸಂಬಳ ಮನೆಯಲ್ಲೇ ಉಳಿಯುತ್ತದೆ, ರಾತ್ರಿಯ ಭಯವೂ ತಗ್ಗುತ್ತದೆ. ಸುರಕ್ಷತೆ ಮತ್ತು ಆದಾಯ ಎರಡನ್ನೂ ಒಟ್ಟಿಗೆ ಬಗೆಹರಿಸುವ ಉಪಾಯವಿದು. ಒಂಟಿ ಮಹಿಳೆಗೆ ಅಥವಾ ವಿಧವೆಗೆ ಮಾತ್ರ ಇದು ಒದಗದು.

ಹೊರದೇಶಗಳಲ್ಲೂ ಮಹಿಳೆಯರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 1929ರಲ್ಲಿ ವಾಣಿಜ್ಯ ಲಾರಿ ಪರವಾನಗಿ ಪಡೆದ ಲಿಲ್ಲಿ ಡ್ರೆನನ್ ಅವರಿಗೆ ಕಿವಿ ಮಂದವೆಂಬ ಕಾರಣ ಮುಂದೊಡ್ಡಿ ಅಧಿಕಾರಿಗಳು ಮೊದಲು ಹಿಂಜರಿದಿದ್ದರು. ಪಟ್ಟುಬಿಡದೆ ಪರವಾನಗಿ ಪಡೆದ ಆಕೆ ಎರಡು ದಶಕಕ್ಕೂ ಹೆಚ್ಚು ಕಾಲ ಸ್ವಂತ ಸಾಗಣೆ ಸಂಸ್ಥೆ ನಡೆಸಿದರು. ಆ ದೇಶದಲ್ಲಿ ಇಂದಿಗೂ ಲಾರಿ ಚಾಲಕಿಯರ ಪ್ರಮಾಣ ನೂರಕ್ಕೆ ಹತ್ತನ್ನು ದಾಟಿಲ್ಲ. ದೂರದ ಸಾಗಣೆಯಲ್ಲಿ ಅನೇಕ ಚಾಲಕರಿಗೆ ಮೈಲಿಗೆ ಇಂತಿಷ್ಟೆಂದು ಸಂಬಳ ಕೊಡುವ ಪದ್ಧತಿ ಅಲ್ಲಿದ್ದು, ನಿಂತ ಲಾರಿಗೆ ಹಣವಿಲ್ಲವೆಂಬ ಅದೇ ಗೋಳು ಅಲ್ಲಿಯೂ ಇದೆ.

ಹೆಚ್ಚು ಭರವಸೆ ಹುಟ್ಟಿಸುವ ಬದಲಾವಣೆ ಕಂಡಿರುವುದು ಹೆದ್ದಾರಿಯ ಹೊರಗೆ, ಗಣಿಗಳಲ್ಲಿ. ಗಣಿಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗಿದ್ದ ನಿಷೇಧವನ್ನು ಕೇಂದ್ರ ಸರ್ಕಾರ 2019ರಲ್ಲಿ ಷರತ್ತುಗಳೊಂದಿಗೆ ಸಡಿಲಿಸಿತು. ಬಳಿಕ ಜಾರ್ಖಂಡ್‌ನ ನೋವಾಮುಂಡಿ ಕಬ್ಬಿಣದ ಗಣಿಯಲ್ಲಿ ಟಾಟಾ ಸ್ಟೀಲ್ ಸಂಸ್ಥೆ ಮಹಿಳೆಯರಿಗೆ ತರಬೇತಿ ನೀಡಿ ಬೃಹತ್ ಡಂಪರ್‌ಗಳ ಚಾಲನೆಗೆ ನೇಮಿಸಿತು. ಡಂಪರ್ ಮಾಮೂಲಿ ಲಾರಿಗಿಂತ ಎಷ್ಟೋ ಪಾಲು ದೊಡ್ಡದು. ಆದರೆ ಅಲ್ಲಿ ಪಾಳಿ ನಿಗದಿ, ಸಂಬಳ ನಿಗದಿ, ಕೆಲಸ ಮುಗಿದ ಮೇಲೆ ಮನೆ. ದೇಹಬಲದ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಕಾಯ್ದೆ ಮತ್ತು ಸೌಕರ್ಯ:

ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. ಲಾರಿ ಲೋಕದಲ್ಲಿ ಅದನ್ನು ಪಾಲಿಸಿದವರು ಕಡಿಮೆ. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಮಹಿಳೆಯ ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತಿಗೊಳಪಟ್ಟು ರಾತ್ರಿ ಕೆಲಸಕ್ಕೆ ಅವಕಾಶ ನೀಡಿದೆ. ಆದರೆ ಹಳೆಯ ಕಾಯ್ದೆ ಐವರು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗೂ ಅನ್ವಯಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಸಂಸ್ಥೆ ಎನಿಸಿಕೊಳ್ಳಲು ಹತ್ತು ಕಾರ್ಮಿಕರಾದರೂ ಇರಬೇಕು. ಒಂದೆರಡು ಲಾರಿಗಳ ಮಾಲೀಕರೇ ತುಂಬಿರುವ ಈ ಉದ್ಯಮದಲ್ಲಿ ಎಷ್ಟು ಚಾಲಕಿಯರಿಗೆ ಇದರ ರಕ್ಷಣೆ ತಲುಪೀತೆಂಬುದು ಯೋಚಿಸಬೇಕಾದ ಮಾತು.

ಹೆದ್ದಾರಿಗಳ ಬದಿಯಲ್ಲಿ 40ರಿಂದ 60 ಕಿ.ಮೀ.ಗೊಂದು ಸೌಕರ್ಯ ಕೇಂದ್ರ ನಿರ್ಮಿಸುವ ಯೋಜನೆಯಿದೆ. ಸರ್ಕಾರಿ ತೈಲ ಕಂಪನಿಗಳು ಕೆಲವು ಬಂಕ್‌ಗಳಲ್ಲಿ ‘ಅಪ್ನಾ ಘರ್’ ಹೆಸರಿನ ತಂಗುಕೋಣೆಗಳನ್ನು ತೆರೆದಿವೆ. ಇಂಥಲ್ಲಿ ಮಹಿಳೆಯರಿಗೆಂದೇ ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ, ಒಂದು ಶೌಚಾಲಯ ಮೀಸಲಿಟ್ಟರೂ ರಾತ್ರಿಯ ಓಟದ ಲೆಕ್ಕ ಬದಲಾದೀತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಕಿಟಕಿ ಮುಚ್ಚಿ, ಬಾಗಿಲು ಭದ್ರಪಡಿಸಿ ಮಲಗಲು ಇದು ನೆರವಾಗುತ್ತದೆ. ಹಳೆಯ ಲಾರಿಗಳಿಗೆ ಈ ನಿಯಮ ಅನ್ವಯಿಸದು. ಹೊಸದಾಗಿ ವೃತ್ತಿಗಿಳಿಯುವವರು ಸಾಲ ಮಾಡಿ ಕೊಳ್ಳುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಲಾರಿಯನ್ನೇ.