ಹಿಮಕ್ಕೆ ಬಗ್ಗದ ಬಿದಿರು, ಹೂವಿಗೆ ಸತ್ತ ಕಥೆ

ನಮ್ಮ ಮಲೆನಾಡಿನ ಯಾವ ಹಳ್ಳಿಯಲ್ಲಿ ಬೇಕಾದರೂ ಕೇಳಿ, ಬಿದಿರು ಅಂದರೆ ಮಳೆಗಾಲದ ಗಿಡ. ಮಳೆ ಹಿಡಿದ ಮೇಲೆ ಕಳಲೆ ಏಳುತ್ತದೆ, ನೋಡನೋಡುತ್ತಿದ್ದ ಹಾಗೆ ಮನೆಯ ಮಾಡು ದಾಟುತ್ತದೆ. ಏಣಿ, ಮೊರ, ಬುಟ್ಟಿ, ದೋಟಿಯಿಂದ ಹಿಡಿದು ಕೊನೆಗೆ ಚಟ್ಟದವರೆಗೆ ಅದೇ ಬೇಕು. ಇಂಥ ಗಿಡವನ್ನು ಮೊಳಕಾಲುದ್ದ ಹಿಮ ಬೀಳುವ ಊರಲ್ಲಿ ಬೆಳೆಸ್ತಾರೆ ಅಂತ ಹೇಳಿದ್ದರೆ ನಮ್ಮಜ್ಜ ನಕ್ಕುಬಿಡುತ್ತಿದ್ದರು.

ಆದರೆ ಬೆಳೆಸ್ತಾರೆ. ಲಂಡನ್ನಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ಮನೆಯ ಬೇಲಿಗೆ ಬಿದಿರು ನೆಟ್ಟಿರುತ್ತಾರೆ. ವಿಚಿತ್ರ ಅಂದರೆ, ಇವತ್ತು ಯುರೋಪಿಗೆ ತನ್ನದು ಅಂತ ಹೇಳಿಕೊಳ್ಳೋಕೆ ಒಂದೇ ಒಂದು ಕಾಡುಬಿದಿರೂ ಇಲ್ಲ. ಏಷ್ಯಾಕ್ಕಿದೆ, ಆಫ್ರಿಕಾಕ್ಕಿದೆ, ಎರಡೂ ಅಮೆರಿಕಗಳಿಗಿದೆ. ಯುರೋಪಿನಲ್ಲಿ ಕಾಣುವುದೆಲ್ಲ ಯಾರೋ ಹೊತ್ತು ತಂದದ್ದು. ಹೀಗೆ ಹೊತ್ತು ತಂದವರೆಲ್ಲ ಹೆದರಿದ್ದು ಚಳಿಗೆ. ದೊಡ್ಡ ಹೊಡೆತ ಬಿದ್ದಿದ್ದು ಮಾತ್ರ ಬೇರೆ ಕಡೆಯಿಂದ. ಆ ಇತಿಹಾಸವನ್ನೇ ಇಲ್ಲಿ ಹೇಳಬೇಕು ಅಂತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ಹೆಬ್ಬಿದಿರನ್ನು ಅಲ್ಲಿಗೆ ಒಯ್ದು ಚಳಿ ಅಭ್ಯಾಸ ಮಾಡಿಸಿದ್ದಲ್ಲ, ಅದು ಆಗುವ ಕೆಲಸವೂ ಅಲ್ಲ. ಚೀನಾ, ಜಪಾನ್‌ಗಳಲ್ಲಿ ವರ್ಷಾ ವರ್ಷಾ ಹಿಮ ಹೊದೆಯುವ ಬೆಟ್ಟಗಳಿವೆ. ಅಲ್ಲಿಯ ಬಿದಿರು ಚಳಿಯನ್ನು ಮೊದಲೇ ಕಲಿತಿತ್ತು. ಪಾಂಡಾ ತಿನ್ನುತ್ತದಲ್ಲ, ಅದೂ ಇಂಥ ಬಿದಿರೇ. ಹಾಗಾಗಿ ಸರಿಯಾದ ಬೆಟ್ಟ ಹುಡುಕುವುದೇ ಅಸಲಿ ಕೆಲಸವಾಗಿತ್ತು.

ಶುರುವಾಗಿದ್ದು ಕರಿಬಿದಿರಿನಿಂದ. ಎಳೆಯದರಲ್ಲಿ ಹಸಿರಾಗಿದ್ದು, ಬಲಿಯುತ್ತಾ ಕಪ್ಪಾಗುವ ಈ ಚೀನೀ ಬಿದಿರು ಬ್ರಿಟನ್ ತಲುಪಿದ್ದು 1827ರಲ್ಲಿ. ಆಗ ಅದು ಶ್ರೀಮಂತರ ತೋಟದ ಒಂದು ವಿಸ್ಮಯ, ಅಷ್ಟೇ. ಬಿದಿರನ್ನೇ ಹುಚ್ಚು ಹಿಡಿಸಿಕೊಂಡವನು ಫ್ರಾನ್ಸಿನ ಯೂಜೆನ್ ಮಝೆಲ್. ಸಾಂಬಾರ ಪದಾರ್ಥದ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನುಷ್ಯ. 1856ರಲ್ಲಿ ದಕ್ಷಿಣ ಫ್ರಾನ್ಸಿನ ಆಂಡ್ಯೂಜ್ ಎಂಬ ಊರಿನ ಹತ್ತಿರ ಕಣಿವೆಯೊಂದರಲ್ಲಿ ಬಿದಿರುತೋಪು ಶುರು ಮಾಡಿದ. ನೀರಿಗೆ ಅಂತ ಗಾರ್ಡನ್ ನದಿಯಿಂದ ಕಾಲುವೆ ತೋಡಿಸಿದ. ತೋಪು ಎದ್ದಿತು, ಅವನು ಬಿದ್ದ. ಇದ್ದಬದ್ದ ದುಡ್ಡೆಲ್ಲ ತೋಟಕ್ಕೇ ಸುರಿದು ದಿವಾಳಿಯಾಗಿ, ಅದನ್ನು ಬಿಟ್ಟುಕೊಡಬೇಕಾಯಿತು. 1902ರಲ್ಲಿ ಗ್ಯಾಸ್ತೋಂ ನೆಗ್ರ್ ಎಂಬಾತ ಕೊಂಡುಕೊಂಡ. ಇವತ್ತಿಗೂ ಆ ತೋಪಿದೆ, ಜನ ಟಿಕೆಟ್ ತಗೊಂಡು ನೋಡಲು ಹೋಗುತ್ತಾರೆ.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಇಳಿದವನು ಆಲ್ಜರ್ನನ್ ಫ್ರೀಮನ್-ಮಿಟ್‌ಫರ್ಡ್. 1860ರ ದಶಕದಲ್ಲಿ ಜಪಾನಿನಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ನೌಕರಿ ಮಾಡಿ, ಅಲ್ಲಿಯ ಗಿಡಮರಗಳ ರುಚಿ ಹತ್ತಿಸಿಕೊಂಡು ಬಂದಿದ್ದ. ಬ್ಯಾಟ್ಸ್‌ಫರ್ಡ್ ಎಂಬಲ್ಲಿ ತನ್ನ ಜಮೀನಿನಲ್ಲಿ ಬಿದಿರು ನೆಟ್ಟ. ಅದೇ ಸುಮಾರಿಗೆ, 1891-92ರಲ್ಲಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲೂ ಬಿದಿರಿನದೇ ಒಂದು ತೋಟ ಎದ್ದಿತು. ಆಮೇಲೆ ಬಂದಿದ್ದು 1894-95ರ ಚಳಿಗಾಲ. ಥೇಮ್ಸ್ ನದಿಯ ನೀರೇ ಹೆಪ್ಪುಗಟ್ಟಿದ ಚಳಿ ಅದು. ಬಿದಿರಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಯಾರು ಕೊಡ್ತಾರೆ? ಅದು ಕಳೆದ ಮಾರನೇ ವರ್ಷ, 1896ರಲ್ಲಿ, ಮಿಟ್‌ಫರ್ಡ್ ‘ದಿ ಬ್ಯಾಂಬೂ ಗಾರ್ಡನ್’ ಪುಸ್ತಕ ಪ್ರಕಟಿಸಿದ.

ಚಳಿ ಬಿದಿರನ್ನು ಕೊಲ್ಲುವ ರೀತಿ ನಾವು ಅಂದುಕೊಂಡ ಹಾಗಿಲ್ಲ. ಅಲ್ಲಿನ ಬಹಳಷ್ಟು ಮರಗಳು ಎಲೆ ಉದುರಿಸಿ ಮಲಗಿಬಿಡುತ್ತವೆ. ಬಿದಿರು ಹಸಿರಾಗಿಯೇ ನಿಂತಿರುತ್ತದೆ. ನೆಲ ಹೆಪ್ಪುಗಟ್ಟಿದರೆ ಬೇರಿಗೆ ನೀರು ಸಿಗುವುದಿಲ್ಲ, ಮೇಲೆ ಒಣಗಾಳಿ ಎಲೆಯಲ್ಲಿರುವ ನೀರನ್ನು ಎಳೆಯುತ್ತಲೇ ಇರುತ್ತದೆ. ಅಂದರೆ ಹಿಮದ ನಡುವೆ ನಿಂತು ಬಾಯಾರಿ ಸಾಯುತ್ತದೆ! ಅದಕ್ಕೇ ಗಾಳಿಗೆ ಮರೆ ಮಾಡಿ, ಬುಡಕ್ಕೆ ದಪ್ಪಗೆ ತರಗೆಲೆ ಹೊದಿಸಿ, ನೀರು ನಿಲ್ಲದ ಕಡೆ ನೆಟ್ಟರೆ ಅರ್ಧ ಗೆದ್ದ ಹಾಗೆ. ಬಿದ್ದ ಹಿಮ ಕೂಡ ಬುಡಕ್ಕೆ ಕಂಬಳಿಯೇ. ಮೇಲಿನ ಗಳಗಳೆಲ್ಲ ಒಣಗಿ ಹೋದರೂ ನೆಲದೊಳಗಿನ ಗೆಡ್ಡೆ ಉಳಿದರೆ ಸಾಕು, ವಸಂತದಲ್ಲಿ ಮತ್ತೆ ಕಳಲೆ ಬರುತ್ತದೆ.

ಅಮೆರಿಕದ ಕಥೆಯಲ್ಲಿ ಎಡಿಸನ್ನೂ ಬರುತ್ತಾನೆ. 1880ರಲ್ಲಿ ಅವನ ದೀಪದೊಳಗೆ ಉರಿದಿದ್ದು ಸುಟ್ಟು ಇಂಗಾಲ ಮಾಡಿದ ಬಿದಿರಿನ ಎಳೆ. ಒಳ್ಳೆಯ ಬಿದಿರು ಹುಡುಕಲು ವಿಲಿಯಂ ಮೂರ್ ಎಂಬವನನ್ನು ಚೀನಾ, ಜಪಾನ್‌ಗೆ ಕಳಿಸಿದ. ಕ್ಯೋಟೋ ಹತ್ತಿರದ ಯವಾತದ ಮದಾಕೆ ಬಿದಿರು ಗೆದ್ದಿತು. ಅಷ್ಟರಲ್ಲೇ, 1882ರಲ್ಲಿ, ಅಲಬಾಮಾಕ್ಕೆ ಚೀನಾದ ಒಂದು ಬಿದಿರು ಬಂದು ಬೇರೂರಿತ್ತು. ಮುಂದೆ ಸರ್ಕಾರವೇ ಕೈಹಾಕಿತು. 1898ರಲ್ಲಿ ಅಮೆರಿಕದ ಕೃಷಿ ಇಲಾಖೆ ಹೊರದೇಶದ ಬೀಜ, ಗಿಡ ತರಲು ಒಂದು ವಿಭಾಗ ತೆರೆದು ಡೇವಿಡ್ ಫೇರ್‌ಚೈಲ್ಡ್‌ಗೆ ವಹಿಸಿತು. ಅವನು 1903ರಲ್ಲಿ ಜಪಾನಿನ ಬಿದಿರಿನ ಬಗ್ಗೆಯೇ ಒಂದು ಕಿರುಹೊತ್ತಗೆ ಬರೆದ. ಜಾರ್ಜಿಯಾದ ಸವಾನಾ ಹತ್ತಿರ ಒಂದು ಬಿದಿರುತೋಪಿತ್ತು. 1919ರಲ್ಲಿ ಫೇರ್‌ಚೈಲ್ಡ್‌ನ ಸ್ನೇಹಿತ ಬಾರ್ಬರ್ ಲಾತ್ರಾಪ್ ಆ ಜಾಗ ಕೊಂಡು ಇಲಾಖೆಗೆ ಒಪ್ಪಿಸಿದ. ಚೀನಾದ ಕ್ಯಾಂಟನ್ನಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡುತ್ತಾ ಬಿದಿರನ್ನು ಅಧ್ಯಯನ ಮಾಡಿದ ಫ್ಲಾಯ್ಡ್ ಮೆಕ್ಲೂರ್ ಈ ಗಿಡಗಳಲ್ಲಿ ಎಷ್ಟಕ್ಕೋ ಹೆಸರಿಟ್ಟ. 1941ರಲ್ಲಿ ಸಿಚುವಾನಿನ ಚೆಂಗ್ಡುವಿನಿಂದ ಬಂದ ಒಂದು ಬಿದಿರಿಗೆ, ಸವಾನಾ ತೋಟ ನೋಡಿಕೊಳ್ಳುತ್ತಿದ್ದ ಡೇವಿಡ್ ಬಿಸೆಟ್‌ನ ಹೆಸರು ಕೊಟ್ಟ. ಚಳಿ ತಡೆಯುವುದರಲ್ಲಿ ಬಿಸೆಟ್ ಬಿದಿರು ಈಗಲೂ ಮುಂದಿನ ಸಾಲಿನದ್ದು.

ಆದರೆ ಇವಕ್ಕೆಲ್ಲ ಒಂದು ಕೆಟ್ಟ ಚಾಳಿ. ನಮ್ಮ ಬಿದಿರು ಮೆಳೆಯಾಗಿ ಒಂದೇ ಕಡೆ ಒತ್ತಾಗಿ ಬೆಳೆಯುತ್ತದೆ. ಇವು ನೆಲದೊಳಗೇ ಓಡುತ್ತವೆ. ನಿಮ್ಮ ತೋಟದಲ್ಲಿ ನೆಟ್ಟರೆ ಪಕ್ಕದ ಮನೆಯವರ ಹುಲ್ಲಿನಲ್ಲಿ ಕಳಲೆ ಏಳುತ್ತದೆ. ಜಗಳಕ್ಕೆ ಇನ್ನೇನು ಬೇಕು? ಹಾಗಾಗಿ ಚಳಿಯೂ ತಡೆಯಬೇಕು, ಮೆಳೆಯಾಗಿಯೂ ಇರಬೇಕು, ಅಂಥದ್ದು ಸಿಕ್ಕರೆ ಬಂಗಾರ. ಸಿಕ್ಕಿತು ಕೂಡ. ಅದೂ ಎರಡು.

ಮೊದಲನೆಯದನ್ನು ತಂದವನು ರಷ್ಯಾದ ಅನ್ವೇಷಕ ಪೊಟಾನಿನ್, 1886ರಲ್ಲಿ ಚೀನಾದ ಗಾನ್ಸುವಿನಿಂದ. ಸೇಂಟ್ ಪೀಟರ್ಸ್‌ಬರ್ಗಿಗೆ ಬೀಜ ಬಂತು, ಅಲ್ಲಿಂದ 1889ರಲ್ಲಿ ಇಂಗ್ಲೆಂಡಿಗೆ ಗಿಡ ಬಂತು. ಇದಕ್ಕೆ ‘ನಿಟಿಡಾ’ ಎಂದು ಹೆಸರಿಟ್ಟವನು ನಮ್ಮ ಮಿಟ್‌ಫರ್ಡೇ. ಎರಡನೆಯದನ್ನು ಹುಡುಕಿದವನು ಅರ್ನಾಲ್ಡ್ ಸಸ್ಯೋದ್ಯಾನಕ್ಕಾಗಿ ಚೀನಾ ಸುತ್ತುತ್ತಿದ್ದ ಅರ್ನೆಸ್ಟ್ ವಿಲ್ಸನ್, 1907ರಲ್ಲಿ ಹುಬೇ ಬೆಟ್ಟಗಳಲ್ಲಿ. ಗಿಡ ಮೊದಲು ಬಾಸ್ಟನ್ನಿಗೆ, 1913ರಲ್ಲಿ ಕ್ಯೂಗೆ. 1920ರಲ್ಲಿ ವಿಲ್ಸನ್ನನ ಮಗಳು ಮ್ಯೂರಿಯಲ್ ಹೆಸರಿನಲ್ಲಿ ಅದರ ನಾಮಕರಣವಾಯಿತು. ಮಾಡಿದವನು ಜೆ.ಎಸ್. ಗ್ಯಾಂಬಲ್. ಈ ಗ್ಯಾಂಬಲ್ ನಮಗೇನೂ ಹೊರಗಿನವನಲ್ಲ. ಭಾರತದ ಅರಣ್ಯ ಇಲಾಖೆಯಲ್ಲಿ ದುಡಿದು, 1896ರಲ್ಲಿ ಬ್ರಿಟಿಷ್ ಇಂಡಿಯಾದ ಬಿದಿರುಗಳ ದೊಡ್ಡ ಗ್ರಂಥ ಬರೆದವನು. ಆಮೇಲೆ ಅವನು ಕೈಗೆತ್ತಿಕೊಂಡ ಮದ್ರಾಸ್ ಪ್ರಾಂತ್ಯದ ಸಸ್ಯಗಳ ಗ್ರಂಥದಲ್ಲಿ ನಮ್ಮ ದಕ್ಷಿಣ ಕನ್ನಡವೂ ಸೇರಿದೆ. ಮುಳ್ಳುಬಿದಿರನ್ನು ಅಳೆದ ಕೈಯೇ ಮಂಜಿನ ಬಿದಿರಿಗೂ ಹೆಸರು ಬರೆಯಿತು.

ಇವೆರಡೂ ಈಗ ‘ಫಾರ್ಗೇಸಿಯಾ’ ಎಂಬ ಕುಲಕ್ಕೆ ಸೇರಿವೆ. ಮೈನಸ್ 20 ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಒಮ್ಮೆ ಆನ್‌ಸೈಟ್ ಅಂತ ಡೆನ್ಮಾರ್ಕಿಗೆ ಹೋದಾಗ ಇದನ್ನು ಜನವರಿಯಲ್ಲಿ ನೋಡಿದ್ದೆ. ಎಲೆಗಳು ಬೀಡಿ ಸುತ್ತಿದ ಹಾಗೆ ಸುರುಳಿಯಾಗಿದ್ದವು. ಸತ್ತೇ ಹೋಗಿದೆ ಅನ್ನಬೇಕು, ಹಾಗಿತ್ತು. ಅಲ್ಲಿಯ ಸಹೋದ್ಯೋಗಿ, ‘ಏನಿಲ್ಲ, ನೀರು ಉಳಿಸಿಕೊಳ್ತಿದೆ, ಬಿಸಿಲು ಬಂದರೆ ಬಿಚ್ಚುತ್ತೆ’ ಅಂದ. ಎರಡು ದಿನ ಬಿಟ್ಟು ನೋಡಿದರೆ ಬಿಚ್ಚಿಕೊಂಡಿತ್ತು.

ಇಷ್ಟಾದ ಮೇಲೆ ಗೆದ್ದೆವು ಅಂತಲೇ ತೋಟದವರು ಅಂದುಕೊಂಡರು. ಬೀಜವಂತೂ ಸಿಗುವುದಿಲ್ಲ, ಹಾಗಾಗಿ ಮೆಳೆ ಸೀಳಿ ನೆಟ್ಟರು. ಸೀಳಿದ್ದನ್ನು ಮತ್ತೆ ಸೀಳಿದರು. ಎಂಬತ್ತು ವರ್ಷದಲ್ಲಿ ಯುರೋಪಿನ ತುಂಬ ಮ್ಯೂರಿಯಲ್ ಬಿದಿರು ಹರಡಿತು. ನೋಡೋಕೆ ಸಾವಿರಾರು ಗಿಡ, ಲೆಕ್ಕಕ್ಕೆ ವಿಲ್ಸನ್ ತಂದದ್ದರದೇ ತುಂಡುಗಳು. ನನ್ನ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಒಂದೇ ಪ್ರೋಗ್ರಾಂ ಸಾವಿರ ಮಷಿನ್ನಿನಲ್ಲಿ ಓಡುತ್ತಿತ್ತು. ಅದನ್ನು ಬ್ಯಾಕಪ್ ಅನ್ನೋಕೆ ಬರಲ್ಲ.

ಯಾಕಂದರೆ ಆ ಪ್ರೋಗ್ರಾಮಿನೊಳಗೆ ಒಂದು ಗಡಿಯಾರವಿತ್ತು. ಬಿದಿರು ಹೂ ಬಿಟ್ಟರೆ ಸಾಯುತ್ತೆ ಅನ್ನೋದು ನಮ್ಮ ಹಳ್ಳಿಯವರಿಗೆ ಗೊತ್ತಿರುವ ವಿಷಯ. ನಮ್ಮ ಹೆಬ್ಬಿದಿರಿಗೆ ಅದು ನಲವತ್ತು-ಐವತ್ತು ವರ್ಷಕ್ಕೊಮ್ಮೆ. ಕೆಲವಕ್ಕೆ ನೂರು ದಾಟುತ್ತದೆ. ಒಂದೇ ಗಿಡದ ತುಂಡುಗಳನ್ನು ಯಾವ ಖಂಡಕ್ಕೆ ಒಯ್ದರೂ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುತ್ತವೆ. 1960ರ ದಶಕದ ಕೊನೆಗೆ ಜಪಾನಿನ ಮದಾಕೆ ಹೂ ಬಿಟ್ಟಾಗ ಇಂಗ್ಲೆಂಡ್, ಅಲಬಾಮಾ, ರಷ್ಯಾಗಳಿಗೆ ಒಯ್ದಿದ್ದ ಮದಾಕೆಯೂ ಹೂ ಬಿಟ್ಟಿತು. ಅದೊಂದು ಎಚ್ಚರಿಕೆಯ ಗಂಟೆಯಾಗಿತ್ತು.

ಮ್ಯೂರಿಯಲ್ ಬಿದಿರಿನ ಮೊದಲ ಹೂವು ಕಂಡದ್ದು 1975ರಲ್ಲಿ, ಡೆನ್ಮಾರ್ಕಿನಲ್ಲಿ. 1990ರ ದಶಕಕ್ಕೆ ಅದು ಯುರೋಪಿನ ತುಂಬ ಹಬ್ಬಿತು. ಅಜ್ಜ ನೆಟ್ಟ ಬೇಲಿ, ಮೊನ್ನೆ ಅಂಗಡಿಯಿಂದ ತಂದ ಕುಂಡ, ಎರಡಕ್ಕೂ ಒಂದೇ ವಯಸ್ಸು. ಹೊಸದಾಗಿ ಸೀಳಿ ನೆಟ್ಟರೆ ಗಿಡ ಹೊಸದಾಗುವುದಿಲ್ಲವಲ್ಲ! ಎಲೆಯೆಲ್ಲ ಉದುರಿ, ಹುಲ್ಲಿನ ತೆನೆಯಂಥ ಹೂ ಬಂದು, ನೋಡನೋಡುತ್ತ ಒಣಗಿದವು. ಗೊಬ್ಬರ, ನೀರು, ತರಗೆಲೆ ಯಾವುದೂ ನಡೆಯಲಿಲ್ಲ. ಎಂಥೆಂಥ ಚಳಿಗಾಲ ದಾಟಿದ್ದ ಮೆಳೆಗಳು ಬೇಸಿಗೆಯಲ್ಲೇ ಹೋದವು. 2000ದ ದಶಕದಲ್ಲಿ ನಿಟಿಡಾ ಬಿದಿರಿನ ಸರದಿಯೂ ಬಂತು.

ಹಾಗಂತ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಾಯುವ ಮೊದಲು ಬಿದಿರು ಬೀಜ ಕೊಟ್ಟಿತು. 2010ರ ನಂತರ ನಾಗರಹೊಳೆ, ಬಂಡೀಪುರದ ಕಡೆ ಬಿದಿರು ಹೂ ಬಿಟ್ಟಾಗ ಕಾಡಿಗೆ ಕಾಡೇ ಒಣಗಿ ನಿಂತದ್ದನ್ನು ನೀವೂ ನೋಡಿರಬಹುದು. ಅಲ್ಲಿ ಬುಡದಲ್ಲೇ ಬಿದಿರಕ್ಕಿ ಸುರಿದು, ಮಳೆಗೆ ಸಸಿ ಏಳುತ್ತವೆ. ಯುರೋಪಿನ ತೋಟಗಳಲ್ಲಿ ಆ ಬೀಜವನ್ನು ಜನ ಆರಿಸಿ ಕುಂಡಕ್ಕೆ ಹಾಕಿದರು. ಎದ್ದ ಸಸಿಗಳು ಒಂದರ ಹಾಗೆ ಇನ್ನೊಂದಿರಲಿಲ್ಲ. ಒಂದು ಗಿಡ್ಡ, ಒಂದು ಎತ್ತರ, ಒಂದರ ಎಲೆ ಸಣ್ಣ. ಬೇಕಾದ್ದನ್ನು ಆರಿಸಿ ‘ಸಿಂಬಾ’, ‘ಜಂಬೋ’ ಎಂದೆಲ್ಲ ಹೆಸರಿಟ್ಟರು. ವಿಲ್ಸನ್ ಬೆಟ್ಟದಿಂದ ಇಳಿಸಿ ತಂದ ಮೇಲೆ ಮೊದಲ ಸಲ ಈ ಬಿದಿರಿಗೆ ತೋಟಗಳಲ್ಲಿ ಮಕ್ಕಳು ಹುಟ್ಟಿದವು ಅನ್ನಬಹುದು.

ಈಗ ಅಲ್ಲಿಯ ನರ್ಸರಿಗಳಲ್ಲಿ ಮಾರುವುದು ಈ ಹೊಸ ತಲೆಮಾರನ್ನೇ. ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗಿದೆ. ಹಳೇ ಲೆಕ್ಕವೇ ನಡೆದರೆ ಇವು ಹೂ ಬಿಡುವುದು ಈ ಶತಮಾನದ ಕೊನೆಯ ಹೊತ್ತಿಗೆ. ತೋಟದವರು ಸಿಂಬಾ, ಜಂಬೋಗಳನ್ನು ಮತ್ತೆ ಸೀಳಿ ಸೀಳಿ ಹಂಚುತ್ತಿದ್ದಾರೆ. ಆದರೆ ಈ ಸಲ ಒಂದು ಕೆಲಸ ಮಾಡಬಹುದು. ಚೀನಾದ ಬೇರೆ ಬೇರೆ ಬೆಟ್ಟಗಳ, ಬೇರೆ ಬೇರೆ ವರ್ಷ ಹುಟ್ಟಿದ ಸಸಿಗಳನ್ನು ಪಕ್ಕಪಕ್ಕ ನೆಟ್ಟುಕೊಳ್ಳಬಹುದು. ಒಂದಕ್ಕೆ ಹೂವಿನ ಕಾಲ ಬಂದು ಒಣಗಿದಾಗ ಇನ್ನೊಂದು ಹಸಿರಾಗಿ ನಿಂತಿರುತ್ತದೆ. ಯಾವ ಗಿಡ ಯಾವ ವರ್ಷದ ಬೀಜದ್ದು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟರೆ ಮೊಮ್ಮಕ್ಕಳ ಕಾಲಕ್ಕಾದರೂ ಉಪಯೋಗಕ್ಕೆ ಬಂದೀತು.